ಶಿಬಿರದ ಸೂರಿಗೆ ಹಿಡಿ ಜೋಳ



ವೀರಶೈವ ಧರ್ಮದಲ್ಲಿ ದಾನಕ್ಕಿಂತ ದಾಸೋಹಕ್ಕೆ ಹಿರಿದಾದ ಸ್ಥಾನವಿದೆ. ಹೊರನೋಟಕ್ಕೆ ಎರಡೂ ಕೊಡುವ ಕ್ರಿಯೆಗಳೇ. ಆದರೆ ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ‘ದಾಸೋಹಂ’ ಎಂದರೆ ನಾನು ದಾಸನು ಎಂದೇ ಅರ್ಥ. ನಾನು ಕೊಟ್ಟೆನೆಂಬ ಭಾವ ಉಳಿದರೆ ಅದು ದಾನವಾಯಿತು. ಶಿವನದು ಶಿವನಿಗೇ ಸಂದಿತು, ನಡುವೆ ನನ್ನ ಕೈ ಆಡಿತಷ್ಟೇ ಎಂಬ ಭಾವ ಬಂದರೆ ಅದು ದಾಸೋಹವಾಯಿತು. ಈ ಮಾತನ್ನು ನಾವು ನಲವತ್ತು ವರ್ಷಗಳಿಂದ ಶ್ರಾವಣ ಮಾಸದ ಪ್ರವಚನಗಳಲ್ಲಿ ಹೇಳುತ್ತ ಬಂದಿದ್ದೇವೆ. ಭಕ್ತರು ತಲೆದೂಗಿ ಕೇಳಿದ್ದಾರೆ. ಈ ವರ್ಷ ಆ ಮಾತಿನಂತೆ ನಾವೇ ನಡೆದು ತೋರಿಸಬೇಕಾದ ಪ್ರಸಂಗ ಬಂದೊದಗಿದೆ. ಆ ಪ್ರಸಂಗವನ್ನು ಭಕ್ತರ ಮುಂದೆ ಮುಚ್ಚುಮರೆಯಿಲ್ಲದೆ ಇಡುವುದೇ ಈ ಲೇಖನದ ಉದ್ದೇಶ.

ನಮ್ಮ ಮಠದಲ್ಲಿ ಪ್ರತಿವರ್ಷ ಬೇಸಿಗೆ ರಜೆಯಲ್ಲಿ ಮಕ್ಕಳಿಗಾಗಿ ಸಂಸ್ಕಾರ ಶಿಬಿರ ನಡೆಯುವುದು ಈ ಭಾಗದ ಎಲ್ಲರಿಗೂ ಗೊತ್ತು. ಹದಿನೈದು ದಿನಗಳ ಶಿಬಿರ. ಬಸವ ಜಯಂತಿಯ ದಿನ ಅದರ ಮಂಗಲ. ಬೆಳಗಿನ ಜಾವ ಎದ್ದು ಜಳಕ ಮಾಡುವುದು, ಇಷ್ಟಲಿಂಗ ಪೂಜೆ, ವಚನ ಕಂಠಪಾಠ, ತೋಟದಲ್ಲಿ ಒಂದು ತಾಸು ಕಾಯಕ, ಮಧ್ಯಾಹ್ನ ಒಂದೇ ಪಂಕ್ತಿಯಲ್ಲಿ ಪ್ರಸಾದ, ಸಂಜೆ ಮಲ್ಲಕಂಬ, ರಾತ್ರಿ ಶರಣರ ಕಥೆ. ಯಾವ ಜಾತಿಯ ಮಗು, ಯಾವ ಮನೆತನದ ಮಗು ಎಂದು ಅಲ್ಲಿ ಕೇಳುವ ಪದ್ಧತಿಯಿಲ್ಲ. ಇಷ್ಟಲಿಂಗ ಇಲ್ಲದ ಮಕ್ಕಳು ಆ ಹೊತ್ತಿನಲ್ಲಿ ಕಣ್ಣುಮುಚ್ಚಿ ತಮ್ಮ ಮನೆದೇವರನ್ನು ನೆನೆಯುತ್ತಾರೆ. ನೂರೈವತ್ತು ಮಕ್ಕಳು ಸೇರುತ್ತಾರೆ. ಹಣ ಪಡೆಯುವುದಿಲ್ಲ.

ಕಳೆದ ಬೇಸಿಗೆಯ ಶಿಬಿರದ ನಾಲ್ಕನೆಯ ರಾತ್ರಿ ಗುಡುಗು ಸಹಿತ ಅಡ್ಡಮಳೆ ಹೊಡೆಯಿತು. ಮಕ್ಕಳು ಮಲಗಿದ್ದ ಹಳೆಯ ಪ್ರಸಾದ ನಿಲಯದ ಮಾಡು ಹತ್ತೆಂಟು ಕಡೆ ಸೋರಿತು. ಹಾಸಿಗೆ ಸುತ್ತಿಕೊಂಡು ಮಕ್ಕಳೆಲ್ಲ ಮಠದ ಪಡಸಾಲೆಗೆ ಓಡಿಬಂದರು. ಅಷ್ಟು ಹೊತ್ತಿಗೆ ಒಂದು ಮೂಲೆಯಲ್ಲಿ ಗೆದ್ದಲು ತಿಂದಿದ್ದ ಜಂತಿಯೊಂದು ಮುರಿದು, ಹೆಂಚುಗಳ ಸಮೇತ ಕೆಳಗೆ ಬಿತ್ತು. ಅರ್ಧ ತಾಸಿನ ಹಿಂದೆ ಅಲ್ಲಿ ಆರು ಮಕ್ಕಳು ಮಲಗಿದ್ದರು. ಗುರುಕೃಪೆ, ಯಾರಿಗೂ ಏನೂ ಆಗಲಿಲ್ಲ. ನಾವು ಆ ರಾತ್ರಿ ಮಕ್ಕಳ ನಡುವೆಯೇ ಕುಳಿತಿದ್ದೆವು. ಆಗ ಹತ್ತು ವರ್ಷದ ಹುಡುಗನೊಬ್ಬ, ತಲೆಯ ಮೇಲಿದ್ದ ಪಡಸಾಲೆಯ ಛಾವಣಿಯನ್ನು ನೋಡಿ, ಯಾವ ಕುಚೋದ್ಯವೂ ಇಲ್ಲದೆ ಕೇಳಿದ: “ಅಜ್ಜಾರ, ಗುಡಿ ಸೋರಂಗಿಲ್ಲ, ಈ ಪಡಸಾಲಿನೂ ಸೋರಂಗಿಲ್ಲ. ನಾವು ಮಲಗೋ ಜಾಗಾ ಅಷ್ಟ ಯಾಕ ಸೋರತೈತ್ರಿ?”

ನಮ್ಮಲ್ಲಿ ಉತ್ತರವಿರಲಿಲ್ಲ. ಮೂರು ವರ್ಷಗಳ ಹಿಂದೆ ಪಡಸಾಲೆಗೆ ಗ್ರಾನೈಟ್ ಹಾಸಿಸಿದವರು ನಾವೇ. ಗದ್ದುಗೆಯ ಶಿಖರಕ್ಕೆ ಹೊಂಬಣ್ಣ ಬಳಿಸಿ ಕಳಸಾರೋಹಣ ಮಾಡಿಸಿದವರೂ ನಾವೇ. ಆಗಲೇ ಪ್ರಸಾದ ನಿಲಯದ ಮಾಡು ಸೋರುತ್ತಿತ್ತು. ಮಠದ ಸೇವಕರು ಹೇಳಿದ್ದರು. ಮುಂದಿನ ವರ್ಷ ನೋಡೋಣ ಎಂದು ನಾವು ಹೇಳಿ ಮುಗಿಸಿದ್ದೆವು. ತಪ್ಪು ಬೇರೆ ಯಾರದೂ ಅಲ್ಲ. ಭಕ್ತರು ಕಾಣಿಕೆ ಕೊಟ್ಟಿದ್ದರು; ಅದನ್ನು ಮೊದಲು ಎಲ್ಲಿ ವಿನಿಯೋಗಿಸಬೇಕೆಂಬ ವಿವೇಕ ನಮ್ಮದಾಗಿರಬೇಕಿತ್ತು. ಇಂದು ಭಕ್ತರ ಮುಂದೆ ಜೋಳಿಗೆ ಹಿಡಿಯುವ ಮೊದಲು ಈ ತಪ್ಪನ್ನು ಒಪ್ಪಿಕೊಳ್ಳುವುದು ಧರ್ಮ.

ಆ ಕಟ್ಟಡದ ಕಥೆ

ಈಗಿನ ತರುಣರಿಗೆ ಅದು ಬರೀ ಹಳೆಯ ಕಟ್ಟಡ. ಹಿರಿಯರಿಗೆ ಹಾಗಲ್ಲ. 1966ರಲ್ಲಿ ನಮ್ಮ ಲಿಂಗೈಕ್ಯ ಗುರುವರ್ಯರು ಅದನ್ನು ಕಟ್ಟಿಸಿದರು. ನಾವು ಆಗ ಏಳೆಂಟು ವರ್ಷದ ವಟು. ಹಳ್ಳಿಗಳಲ್ಲಿ ಹೈಸ್ಕೂಲು ಇರದಿದ್ದ ಕಾಲ ಅದು. ಹತ್ತಾರು ಮೈಲಿ ದೂರದ ಹಳ್ಳಿಗಳಿಂದ ಹುಡುಗರು ಬುತ್ತಿ ಕಟ್ಟಿಕೊಂಡು ಓದಲು ಬರುತ್ತಿದ್ದರು. ವಾರದ ಬುತ್ತಿ ಮೂರು ದಿನಕ್ಕೆ ಬೂಷ್ಟು ಹಿಡಿಯುತ್ತಿತ್ತು. ಅದನ್ನು ಕಂಡು ಗುರುಗಳು ಪ್ರಸಾದ ನಿಲಯದ ಸಂಕಲ್ಪ ಮಾಡಿದರು. ಕಲ್ಲನ್ನು ಗುಡ್ಡದಿಂದ ಚಕ್ಕಡಿಯಲ್ಲಿ ತಂದವರು ರೈತರು. ಒಂದೊಂದು ಊರಿನವರು ಒಂದೊಂದು ತೊಲೆ ಕೊಟ್ಟರು. ಮಣ್ಣು ತುಳಿದು ಗೋಡೆ ಎಬ್ಬಿಸಿದವರು ಕೂಲಿ ಪಡೆಯದ ಭಕ್ತರು. ನಾವೂ ಪುಟ್ಟ ಬುಟ್ಟಿಯಲ್ಲಿ ಮಣ್ಣು ಹೊತ್ತ ನೆನಪು ಹಸಿರಾಗಿದೆ. ಆ ಸೂರಿನ ಕೆಳಗೆ ಓದಿದವರು ಮಾಸ್ತರರಾದರು, ತಲಾಠಿಗಳಾದರು, ಡಾಕ್ಟರರಾದರು. ಬಹಳ ಜನ ಒಳ್ಳೆಯ ಒಕ್ಕಲಿಗರಾಗಿ ಹೊಲಕ್ಕೆ ಮರಳಿದರು.

ಮುಂದೆ ಹಳ್ಳಿಹಳ್ಳಿಗೆ ಶಾಲೆಗಳು ಬಂದವು, ಸರ್ಕಾರದ ವಸತಿನಿಲಯಗಳು ಬಂದವು. ನಿಲಯದಲ್ಲಿ ಉಳಿಯುವವರು ಕಡಿಮೆಯಾದರು. ಖಾಲಿ ಬಿದ್ದ ಮನೆ ಬೇಗ ಹಾಳಾಗುತ್ತದೆಂದು 1984ರಲ್ಲಿ ಗುರುಗಳು ಅಲ್ಲಿ ಬೇಸಿಗೆ ಶಿಬಿರ ಆರಂಭಿಸಿದರು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಹರಿದು ದಂಡೆಯ ಹಳ್ಳಿಗಳಿಗೆ ನೀರು ಹೊಕ್ಕಾಗ, ಮನೆ ಕಳೆದುಕೊಂಡು ಬಂದ ಕುಟುಂಬಗಳು ವಾರಗಟ್ಟಲೆ ಉಳಿದದ್ದು ಇದೇ ಕಟ್ಟಡದಲ್ಲಿ. ಆ ನೆರೆಯಲ್ಲಿ ಕಟ್ಟಡದ ಹಿಂಬದಿಯ ಗೋಡೆಯ ಬುಡ ನೆನೆಯಿತು. 2020 ಮತ್ತು 2021ರಲ್ಲಿ ಕೊರೋನಾ ಕಾರಣದಿಂದ ಶಿಬಿರ ನಡೆಯಲಿಲ್ಲ. ಎರಡು ವರ್ಷ ಬೀಗ ಹಾಕಿದ ಕಟ್ಟಡದಲ್ಲಿ ಗೆದ್ದಲು ಸಂಸಾರ ಹೂಡಿತು. ಹೀಗೆ ಊರನ್ನು ಕಾಯ್ದ ಕಟ್ಟಡ ಊರಿನ ಕಣ್ಣೆದುರೇ ಕುಗ್ಗುತ್ತ ಬಂದಿತು.

ಈಗ ಬೇಕಾದದ್ದು ಇಷ್ಟು. ಭಕ್ತರಾದ ಇಂಜಿನಿಯರರೊಬ್ಬರೂ, ಎಪ್ಪತ್ತು ದಾಟಿದ ಗೌಂಡಿಯೊಬ್ಬರೂ ಕೂಡಿ ನೋಡಿ ಹೇಳಿದ್ದಾರೆ. ಮುಖ್ಯ ತೊಲೆಗಳು ಸಾಗವಾನಿಯವು, ಇನ್ನೂ ಗಟ್ಟಿಯಾಗಿವೆ. ಜಂತಿ, ರೀಪು, ಹೆಂಚು ಬದಲಿಸಬೇಕು; ಅದಕ್ಕೆ 9 ಲಕ್ಷ ರೂಪಾಯಿ. ಗೋಡೆಯ ಬುಡ ಭದ್ರಪಡಿಸಿ ಗಿಲಾಯಿ ಮಾಡಲು 4 ಲಕ್ಷ. ಸ್ನಾನಗೃಹ, ಶೌಚಾಲಯಗಳಿಗೆ 6 ಲಕ್ಷ. ಅಡುಗೆಮನೆ, ಕುಡಿಯುವ ನೀರು, ವಿದ್ಯುತ್ ತಂತಿಗಳಿಗೆ 3 ಲಕ್ಷ. ಒಟ್ಟು 22 ಲಕ್ಷ. ಗೌಂಡಿಯವರು ಇನ್ನೊಂದು ಮಾತು ಹೇಳಿದರು: “ಅಜ್ಜಾರ, ಮಣ್ಣಿನ ಗ್ವಾಡಿಗೆ ಸಿಮೆಂಟ್ ಬಳದು ಬಳದು ಕೆಡಿಸ್ಯಾರ್ರಿ. ಗ್ವಾಡಿ ಉಸರಾಡಬೇಕು. ಸುಣ್ಣದ ಗಾರಿ ಹಾಕಸ್ರಿ.” ನಿಜ. ಮಣ್ಣಿನ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಬರಲಾರದೆ ಗೋಡೆ ಒಳಗೊಳಗೇ ಸಡಿಲಾಗುತ್ತದೆ. ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸಿ ಅರೆದ ಸುಣ್ಣದ ಗಾರೆಯನ್ನು ನಮ್ಮ ಹಿರಿಯರು ಸುಮ್ಮನೆ ಬಳಸಿರಲಿಲ್ಲ.

ಸ್ನಾನಗೃಹದ ಮಾತು ಬಂದುದರಿಂದ ಇನ್ನೊಂದು ತಪ್ಪನ್ನೂ ಹೇಳಬೇಕು. ನಮ್ಮ ಶಿಬಿರಕ್ಕೆ ಹೆಣ್ಣುಮಕ್ಕಳೂ ಬರುತ್ತಾರೆ. ಆದರೆ ಅವರಿಗೆ ಪ್ರತ್ಯೇಕ ಸ್ನಾನದ ವ್ಯವಸ್ಥೆ ಇಲ್ಲದ ಕಾರಣ ಸಂಜೆ ಐದಕ್ಕೇ ಮನೆಗೆ ಕಳಿಸುತ್ತೇವೆ. ಬೆಳಗಿನ ಪೂಜೆ, ರಾತ್ರಿಯ ಕಥೆ ಎರಡೂ ಅವರಿಗಿಲ್ಲ. ದೂರದ ಊರಿನ ಹೆಣ್ಣುಮಕ್ಕಳು ಬರುವಂತೆಯೇ ಇಲ್ಲ. ಹಿರಿಯ ತಾಯಿಯೊಬ್ಬರು ನಮ್ಮೆದುರೇ ಹೇಳಿದರು: “ಯಪ್ಪಾ, ಅಕ್ಕಮಹಾದೇವಿ ಕತಿ ಛಲೋ ಹೇಳ್ತೀರಿ. ನನ್ನ ಮೊಮ್ಮಗಳಿಗೆ ಜಳಕದ ಖೋಲಿ ಇಲ್ರಿ ನಿಮ್ಮ ಮಠದಾಗ.” ಗಂಡು ಹೆಣ್ಣೆಂಬ ಭೇದವಿಲ್ಲದೆ ಲಿಂಗದೀಕ್ಷೆ ಕೊಡುವ ಧರ್ಮ ನಮ್ಮದು. ಹನ್ನೆರಡನೆಯ ಶತಮಾನದಲ್ಲಿ ಅನುಭವ ಮಂಟಪದಲ್ಲಿ ಅಕ್ಕನಿಗೆ ದೊರೆತ ಪೀಠ, ಇಂದು ಅಕ್ಕನ ಹೆಸರಿಟ್ಟುಕೊಂಡ ಹುಡುಗಿಗೆ ಒಂದು ಕೋಣೆ ಇಲ್ಲದ ಕಾರಣ ತಪ್ಪಿಹೋಗುವುದಾದರೆ ಅದಕ್ಕೆ ಏನೆನ್ನಬೇಕು? ಆದ್ದರಿಂದ 22 ಲಕ್ಷದಲ್ಲಿ ಮೊದಲು ಕಟ್ಟುವುದು ಹೆಣ್ಣುಮಕ್ಕಳ ಸ್ನಾನಗೃಹ ಎಂದು ನಿಶ್ಚಯಿಸಿದ್ದೇವೆ.

ಒಂದು ಕೋಟಿಯ ಮಾತು

ಮಾಡು ಬಿದ್ದ ಸುದ್ದಿ ಹರಡಿದ ಮೇಲೆ, ಪಟ್ಟಣದಲ್ಲಿ ವ್ಯಾಪಾರ ಮಾಡಿ ಚೆನ್ನಾಗಿ ಗಳಿಸಿದ ಭಕ್ತರೊಬ್ಬರು ಮಠಕ್ಕೆ ಬಂದರು. ಬಾಲ್ಯದಲ್ಲಿ ಎರಡು ಬೇಸಿಗೆ ಇದೇ ಶಿಬಿರದಲ್ಲಿದ್ದವರು. ಒಂದು ಕೋಟಿ ರೂಪಾಯಿ ಕೊಡುವುದಾಗಿ ಹೇಳಿದರು. ಷರತ್ತು ಎರಡು. ಹಳೆಯ ಕಟ್ಟಡವನ್ನು ಪೂರ್ತಿ ಕೆಡವಿ ಆರ್‌ಸಿಸಿಯ ಎರಡು ಅಂತಸ್ತಿನ ಭವನ ಕಟ್ಟಬೇಕು. ಅದಕ್ಕೆ ಅವರ ತಂದೆಯವರ ಹೆಸರಿಡಬೇಕು. ಮಠದ ಸಮಿತಿಯ ತರುಣ ಸದಸ್ಯರು ಬಹಳ ಸಂತೋಷಪಟ್ಟರು. “ಇಪ್ಪತ್ತೆರಡು ಲಕ್ಷಕ್ಕೆ ಊರೂರು ತಿರುಗೋ ಬದಲು ಒಂದೇ ದಿನಕ್ಕೆ ಕೆಲಸ ಆಗತೈತಿ ಅಜ್ಜಾರ” ಎಂದರು. ಅವರ ಮಾತು ತಪ್ಪೆಂದು ನಾವು ಹೇಳುವುದಿಲ್ಲ. ಮಕ್ಕಳ ತಲೆಯ ಮೇಲೆ ಸೂರು ಬೇಕು. ಅದು ಬೇಗ ಆಗಬೇಕು. ತಂದೆಯ ಹೆಸರು ಉಳಿಸಬೇಕೆಂಬ ಆ ಭಕ್ತರ ಆಸೆಯೂ ಪಿತೃಭಕ್ತಿಯೇ. ನಾವು ಮೂರು ರಾತ್ರಿ ಯೋಚಿಸಿದೆವು. ಕೊನೆಗೆ ಷರತ್ತಿನ ಹಣ ಬೇಡವೆಂದೆವು. ಏಕೆಂದು ಭಕ್ತರಿಗೆ ಹೇಳಬೇಕು.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ತಿಳಿಯದವರು ಈ ನಾಡಿನಲ್ಲಿಲ್ಲ. ಕಲ್ಯಾಣದಲ್ಲಿ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ನಮಗೆ ಎಂದಿನಷ್ಟು ಸಾಕು, ಹೆಚ್ಚಿನದನ್ನು ಆಯ್ದ ಜಾಗದಲ್ಲೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದರು. ಗಮನಿಸಬೇಕಾದದ್ದು ಇದು: ಆ ಅಕ್ಕಿ ಕದ್ದದ್ದಲ್ಲ, ಬೇಡಿದ್ದೂ ಅಲ್ಲ, ಕಾಯಕದಿಂದ ಬಂದದ್ದೇ. ಆದರೂ ಬೇಕಾದುದಕ್ಕಿಂತ ಹೆಚ್ಚಾಗಿತ್ತು ಎಂಬ ಒಂದೇ ಕಾರಣಕ್ಕೆ ಆ ತಾಯಿ ಅದನ್ನು ಹೊರಗಿಟ್ಟರು. ಅದೇ ಬಡ ದಂಪತಿಗಳ ಮನೆಯಲ್ಲಿ ಬಸವಣ್ಣನವರಾದಿಯಾಗಿ ಶರಣರು ಕುಳಿತು ಪ್ರಸಾದ ಸ್ವೀಕರಿಸಿದರೆಂದು ಶರಣಚರಿತ್ರೆ ಹೇಳುತ್ತದೆ.

ಶಿಬಿರದಲ್ಲಿ ನಾವು ಪ್ರತಿವರ್ಷ ಮಕ್ಕಳಿಗೆ ಈ ಕಥೆ ಹೇಳುತ್ತೇವೆ. 22 ಲಕ್ಷ ಬೇಕಾದಲ್ಲಿ ಒಂದು ಕೋಟಿ ಹಿಡಿದು, ಗಟ್ಟಿಯಾಗಿರುವ ತೊಲೆ ಗೋಡೆಗಳನ್ನು ಕೆಡವಿ, ಅದರ ಮೇಲೆ ಎದ್ದ ಭವನದಲ್ಲಿ ಕುಳಿತು ಲಕ್ಕಮ್ಮನ ಕಥೆ ಹೇಳಲು ನಮಗೆ ನಾಲಗೆ ಏಳಲಾರದು. ಮಕ್ಕಳು ನಾವು ಹೇಳಿದ್ದನ್ನು ಮರೆಯಬಹುದು. ಕಟ್ಟಡ ಹೇಗೆ ಎದ್ದಿತೆಂಬುದನ್ನು ಮರೆಯುವುದಿಲ್ಲ. ಯಾರದೋ ಹೆಸರಿನ ಕಟ್ಟಡದಲ್ಲಿ ಮಲಗಿದ ಮಗು ತಾನು ಅಲ್ಲಿ ಅತಿಥಿಯೆಂದು ತಿಳಿಯುತ್ತದೆ. ತನ್ನ ಅಜ್ಜ ಕಲ್ಲು ಹೊತ್ತ, ತನ್ನ ತಾಯಿ ಹಿಡಿ ಜೋಳ ಕೊಟ್ಟ ಕಟ್ಟಡದಲ್ಲಿ ಮಲಗಿದ ಮಗು ಇದು ನನ್ನದೆಂದು ತಿಳಿಯುತ್ತದೆ. ನಾಳೆ ಅದು ಸೋರಿದರೆ ತಾನೇ ಏಣಿ ಹತ್ತುತ್ತದೆ.

ಇದರಿಂದ ನಾವು ಸಿರಿವಂತರನ್ನು ದೂರ ಇಡುತ್ತೇವೆಂದು ಯಾರೂ ಭಾವಿಸಬಾರದು. ಗುಬ್ಬಿ ತೋಟದಪ್ಪನವರು ವ್ಯಾಪಾರದಲ್ಲಿ ಗಳಿಸಿದ್ದನ್ನು ಧರ್ಮಕ್ಕೆ ಮುಡಿಪಾಗಿಟ್ಟು, 1903ರಲ್ಲಿ ಬೆಂಗಳೂರಿನ ರೈಲು ನಿಲ್ದಾಣದ ಬಳಿ ಛತ್ರ ಕಟ್ಟಿಸಿದರು. ವಿದ್ಯಾರ್ಥಿಗಳ ಊಟ ವಸತಿಗೂ ವ್ಯವಸ್ಥೆ ಮಾಡಿದರು. ಸಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನೇ ಮಕ್ಕಳ ವಿದ್ಯೆಗಾಗಿ ಬರೆದಿಟ್ಟರು. ಆ ಮಹನೀಯರ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಅವರು ಮೊದಲು ಕಂಡದ್ದು ತಂಗಲು ನೆಲೆಯಿಲ್ಲದವರನ್ನು, ಓದಲು ಗತಿಯಿಲ್ಲದ ಮಕ್ಕಳನ್ನು. ಹೆಸರು ಆಮೇಲೆ ತಾನಾಗಿ ಹಿಂದೆ ಬಂದಿತು. ನಮ್ಮ ಆ ಭಕ್ತರಿಗೂ ನಾವು ಇಷ್ಟೇ ಹೇಳಿದ್ದೇವೆ: ನಿಮ್ಮ ತಂದೆಯವರು 1966ರಲ್ಲಿ ಚಕ್ಕಡಿ ಹೂಡಿಕೊಂಡು ಕಲ್ಲು ತಂದವರು. ನೀವೂ ಒಂದು ದಿನ ಬನ್ನಿ, ಎಲ್ಲರೊಡನೆ ನಿಂತು ಹೆಂಚು ಹೊರಿರಿ, ಎಲ್ಲರಂತೆ ಕಾಣಿಕೆ ಸಲ್ಲಿಸಿರಿ. ತಂದೆಯವರಿಗೆ ಅದಕ್ಕಿಂತ ದೊಡ್ಡ ಸ್ಮಾರಕವಿಲ್ಲ. ಅವರು ಇನ್ನೂ ಉತ್ತರ ಕೊಟ್ಟಿಲ್ಲ. ಮಠದ ಬಾಗಿಲು ತೆರೆದೇ ಇದೆ.

ಸರ್ಕಾರದ ಅನುದಾನ ಕೇಳಬಾರದೇ ಎಂದವರೂ ಇದ್ದಾರೆ. ನಮ್ಮ ಊರಿನ ಪ್ರಾಥಮಿಕ ಶಾಲೆಯ ಎರಡು ಕೋಣೆಗಳೂ ಸೋರುತ್ತಿವೆ. ಅನುದಾನ ಬರುವುದಾದರೆ ಮೊದಲು ಅಲ್ಲಿಗೆ ಬರಲಿ.

ಜೋಳಿಗೆಯ ಪರಂಪರೆ

ಮಠಾಧೀಶರು ಜೋಳಿಗೆ ಹಿಡಿಯುವುದು ಅವಮಾನವಲ್ಲ. ಅದು ನಮ್ಮ ಪರಂಪರೆ. ಹಾನಗಲ್ಲ ಕುಮಾರ ಮಹಾಸ್ವಾಮಿಗಳು 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರ ಸ್ಥಾಪಿಸಿ ವಟುಗಳಿಗೆ ವಿದ್ಯೆ, ಯೋಗ, ಸಂಗೀತ ಕಲಿಸುವ ನೆಲೆ ಮಾಡಿದಾಗ ಅವರ ಹಿಂದೆ ಇದ್ದದ್ದು ರಾಜಬೊಕ್ಕಸವಲ್ಲ, ಹಳ್ಳಿಯ ಭಕ್ತರ ಕಣಜ. ಅವರ ಕೃಪೆಯಲ್ಲಿ ಬೆಳೆದ ಗಾನಯೋಗಿ ಪಂಚಾಕ್ಷರ ಗವಾಯಿಗಳು ಸ್ವತಃ ಅಂಧರು. ಅಂಧ ಅನಾಥ ಮಕ್ಕಳನ್ನು ಸಾಕಲು ಅವರು ನಾಟಕ ಕಂಪನಿ ಕಟ್ಟಿಕೊಂಡು ಊರೂರು ತಿರುಗಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳನ್ನು ಭಕ್ತರು ತಕ್ಕಡಿಯಲ್ಲಿ ಕೂರಿಸಿ ತುಲಾಭಾರ ಮಾಡುತ್ತಿದ್ದರು; ಬಂದದ್ದೆಲ್ಲ ಗದಗಿನ ವೀರೇಶ್ವರ ಪುಣ್ಯಾಶ್ರಮದ ಮಕ್ಕಳ ಅನ್ನಕ್ಕೂ ಸಂಗೀತಕ್ಕೂ ಸಲ್ಲುತ್ತಿತ್ತು. 2010ರಲ್ಲಿ ಅವರು ಲಿಂಗೈಕ್ಯರಾಗುವವರೆಗೂ ಆ ಸೇವೆ ನಿಲ್ಲಲಿಲ್ಲ.

ಸಿದ್ಧಗಂಗೆಯ ಶಿವಕುಮಾರ ಮಹಾಸ್ವಾಮಿಗಳು ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ನೀಡಿದರು. ಹಳ್ಳಿಯ ರೈತರು ಕೊಟ್ಟ ರಾಗಿ, ಅಕ್ಕಿ, ಬೇಳೆಗಳೇ ಆ ದಾಸೋಹದ ಬಲ. 2019ರ ಜನವರಿ 21ರಂದು, 111 ವರ್ಷದ ಪೂಜ್ಯರು ಲಿಂಗೈಕ್ಯರಾದಾಗ ನಾಡಿನ ಮೂಲೆಮೂಲೆಯಿಂದ ಬಂದು ಕಣ್ಣೀರಿಟ್ಟವರಲ್ಲಿ ಆ ಮಠದ ಅನ್ನ ಉಂಡವರೂ ಇದ್ದರು, ಅದಕ್ಕೆ ಹಿಡಿ ರಾಗಿ ಕೊಟ್ಟವರೂ ಇದ್ದರು. ಕೊಟ್ಟವರು ಯಾರು, ಉಂಡವರು ಯಾರು ಎಂದು ಬೇರ್ಪಡಿಸಿ ನೋಡುವಂತಿರಲಿಲ್ಲ.

ಮಠಗಳಷ್ಟೇ ಅಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಆರಂಭಿಸಿದವರು ಏಳು ಜನ ತರುಣ ಶಿಕ್ಷಕರು. ಅವರನ್ನು ಸಪ್ತರ್ಷಿಗಳೆಂದು ಇಂದಿಗೂ ಗೌರವದಿಂದ ಕರೆಯುತ್ತೇವೆ. ಅವರು ಕೂಡಿಟ್ಟ ಹಣವಂತರಲ್ಲ, ಆಯುಷ್ಯವನ್ನೇ ಕೊಟ್ಟವರು. ದೊಡ್ಡ ಕೆಲಸಗಳೆಲ್ಲ ಬುನಾದಿಯಲ್ಲಿ ಹೀಗೆಯೇ ಸಣ್ಣ ಕೈಗಳಿಂದ ಆದವುಗಳೆಂದು ತೋರಿಸಲು ಇಷ್ಟು ಹೇಳಿದೆವು.

ತನು, ಮನ, ಧನ

ಶರಣರು ದಾಸೋಹವನ್ನು ತನು, ಮನ, ಧನ ಎಂಬ ಮೂರರಲ್ಲಿ ಹೇಳಿದರು. ನಮ್ಮ ಬೇಡಿಕೆಯೂ ಅದೇ ಅನುಕ್ರಮದಲ್ಲಿದೆ.

ಮೊದಲನೆಯದು ತನು. ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನವರು ಲಿಂಗಕ್ಕೂ ಕಾಯಕ ತಪ್ಪದೆಂದ ಕಥೆಯನ್ನು ನೀವು ಕೇಳಿದ್ದೀರಿ. ದೇವರಿಗೇ ತಪ್ಪದ ಕಾಯಕ ನಮಗೆ ತಪ್ಪೀತೇ? ದೀಪಾವಳಿ ಮುಗಿದು ಮಳೆ ಹಿಂದೆ ಸರಿದ ಮೇಲೆ ಕೆಲಸ ಆರಂಭ. ಪ್ರತಿ ಸೋಮವಾರ ಒಂದು ಊರಿನವರು ಬರಬೇಕು. ಹಿಂದೆ ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಹೂಡುತ್ತಿರಲಿಲ್ಲ. ಆ ಬಿಡುವಿನ ದಿನವನ್ನೇ ಶಿವನ ಕೆಲಸಕ್ಕೆ ಕೊಡೋಣ. ಹೆಂಚು ಇಳಿಸುವುದು, ಮಣ್ಣು ಹೊರುವುದು, ಸುಣ್ಣ ಅರೆಯುವುದು ಎಲ್ಲರೂ ಮಾಡಬಹುದಾದ ಕೆಲಸ. ಜಂತಿ ಕೂರಿಸುವುದು, ಗೋಡೆಯ ಬುಡ ಬಿಡಿಸುವುದು ಮಾತ್ರ ಬಡಿಗರಿಗೂ ಗೌಂಡಿಗಳಿಗೂ ಬಿಟ್ಟದ್ದು. ಅವರಿಗೆ ಪೂರ್ತಿ ಕೂಲಿ ಕೊಡುತ್ತೇವೆ. ಕಸುಬುದಾರನ ಕೂಲಿ ಮುರಿದು ಮಾಡಿದ ಧರ್ಮ ಧರ್ಮವಲ್ಲ. ಕೈಲಾಗದ ಹಿರಿಯರು ಸುಮ್ಮನೆ ಬಂದು ಕುಳಿತುಕೊಳ್ಳಿರಿ. ಮೊದಲ ಸಲ ಈ ಕಟ್ಟಡ ಎದ್ದದ್ದು ಹೇಗೆಂದು ತರುಣರಿಗೆ ಹೇಳಿರಿ.

ಎರಡನೆಯದು ಮನ. ಈಗಿನ ಮಕ್ಕಳು ಮೊಬೈಲು ಬಿಟ್ಟು ಹದಿನೈದು ದಿನ ಇರುತ್ತಾರೆಯೇ ಎಂದು ಹಲವರು ಕೇಳುತ್ತಾರೆ. ಇರುತ್ತಾರೆ, ನಾವು ನೋಡಿದ್ದೇವೆ. ಮೊದಲ ಎರಡು ದಿನ ಚಡಪಡಿಸುತ್ತಾರೆ, ಮೂರನೆಯ ದಿನ ಬಾವಿಯ ಕಟ್ಟೆಯ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಾರೆ. ಚಡಪಡಿಸುವವರು ಮನೆಯಲ್ಲಿ ಉಳಿದ ನಾವು ಹಿರಿಯರೇ. ದಿನಕ್ಕೆ ಮೂರು ಸಲ ಫೋನು ಮಾಡಿ, ಉಂಡ್ಯಾ ಮಲಗಿದ್ಯಾ ಎಂದು ಕೇಳುತ್ತೇವೆ. ಪಟ್ಟಣಗಳಲ್ಲಿ ಈಜು, ಚಿತ್ರಕಲೆ, ಕಂಪ್ಯೂಟರು ಕಲಿಸುವ ಬೇಸಿಗೆ ಶಿಬಿರಗಳಿವೆ. ಒಳ್ಳೆಯದೇ, ಕಲಿಯಲಿ. ಆದರೆ ಸಾಹುಕಾರನ ಮಗ ಮತ್ತು ಅವನ ಹೊಲದಲ್ಲಿ ಕಳೆ ತೆಗೆಯುವವಳ ಮಗ ಒಂದೇ ಚಾಪೆಯ ಮೇಲೆ ಕುಳಿತು, ಒಂದೇ ಬುಟ್ಟಿಯ ರೊಟ್ಟಿ ತಿಂದು, ಸರದಿಯಂತೆ ಒಬ್ಬರ ತಾಟನ್ನು ಒಬ್ಬರು ತೊಳೆಯುವುದನ್ನು ಹಣ ಕೊಟ್ಟು ಕಲಿಯಲಾಗದು. ಮಗುವನ್ನು ಕಳಿಸಲು ಮನಸ್ಸು ಮಾಡುವುದೇ ನಿಮ್ಮ ಮನೋದಾಸೋಹ. ಅದಿಲ್ಲದಿದ್ದರೆ ಹೊಸ ಹೆಂಚು ಹಾಕಿ ಫಲವಿಲ್ಲ.

ಮೂರನೆಯದು ಧನ. ಮೊದಲು ಧಾನ್ಯದಿಂದ ಹೇಳುತ್ತೇವೆ. ಹಿಂದೆ ನಮ್ಮ ತಾಯಂದಿರು ಬೀಸುವ ಮೊದಲು ಒಂದು ಹಿಡಿ ಜೋಳವನ್ನು ಮಠದ ಹೆಸರಿನ ಗಡಿಗೆಗೆ ಹಾಕುತ್ತಿದ್ದರು. ಬೀಸುವ ಕಲ್ಲು ಹೋಗಿ ಗಿರಣಿ ಬಂದ ಮೇಲೆ ಆ ಗಡಿಗೆಯೂ ಮೂಲೆ ಸೇರಿತು. ಅದನ್ನು ಮತ್ತೆ ಹೊರಗೆ ತೆಗೆಯಿರಿ. ಹಿಡಿಗೆ ಐವತ್ತು ಗ್ರಾಂ ಎಂದರೂ ದೀಪಾವಳಿಯಿಂದ ಯುಗಾದಿಯವರೆಗಿನ ಐದು ತಿಂಗಳಿಗೆ ಮನೆಗೆ ಏಳೂವರೆ ಕಿಲೋ. ಸಾವಿರ ಮನೆಗಳಿಂದ 75 ಕ್ವಿಂಟಲ್ ಆಗುತ್ತದೆ. ಅದರಲ್ಲಿ ಏಳೆಂಟು ಕ್ವಿಂಟಲ್ ಶಿಬಿರದ ರೊಟ್ಟಿಗೆ ಸಾಕು. ಉಳಿದದ್ದನ್ನು ಮಾರಿ ಬಂದದ್ದು ಮಾಡಿನ ಹೆಂಚಿಗೆ. ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆಯನ್ನು ಲೆಕ್ಕ ಹಾಕಿ ನೋಡಿದರೂ ಅದು ಸುಳ್ಳಾಗುವುದಿಲ್ಲ.

ಹಣ ಕೊಡುವವರಿಗೆ ಕೆಲವು ನಿಯಮಗಳಿವೆ. ಸಾಲ ಮಾಡಿ ಕೊಡಬಾರದು. ಮಗಳ ಮದುವೆಗೆಂದೋ, ಬೀಜ ಗೊಬ್ಬರಕ್ಕೆಂದೋ, ಔಷಧಕ್ಕೆಂದೋ ಇಟ್ಟದ್ದನ್ನು ತರಬಾರದು. ತಂದರೆ ನಾವೇ ಹಿಂದಿರುಗಿಸುತ್ತೇವೆ. ಕೊಡದವರ ಬಗ್ಗೆ ಯಾರೂ ಮಾತಾಡಬಾರದು. ಪ್ರತಿ ರೂಪಾಯಿಗೂ ರಸೀದಿ ಇದೆ. ರಸೀದಿ ಇಲ್ಲದೆ ಮಠದ ಹೆಸರಿನಲ್ಲಿ ಕೇಳುವವರಿಗೆ ಕೊಡಬೇಡಿರಿ. ಆದಾಯ ತೆರಿಗೆಯ ವಿನಾಯಿತಿ ಬಯಸುವವರು 2,000 ರೂಪಾಯಿ ಮೀರಿದ ಕಾಣಿಕೆಯನ್ನು ನಗದಾಗಿ ಕೊಡದೆ ಬ್ಯಾಂಕಿನ ಮೂಲಕವೇ ಸಲ್ಲಿಸಬೇಕೆಂಬ ನಿಯಮವಿದೆ. ಒಟ್ಟು ಬಂದದ್ದೆಷ್ಟು, ಖರ್ಚಾದದ್ದೆಷ್ಟು, ಉಳಿದದ್ದೆಷ್ಟು ಎಂಬುದನ್ನು ಪ್ರತಿ ಅಮಾವಾಸ್ಯೆಯಂದು ಮಠದ ಹೆಬ್ಬಾಗಿಲ ಹಲಗೆಯ ಮೇಲೆ ಬರೆಯಲಾಗುವುದು. ಗೋಡೆಯ ಮೇಲೆ ದಾನಿಗಳ ಹೆಸರಿನ ಕಲ್ಲು ಇರುವುದಿಲ್ಲ, ನಮ್ಮ ಹೆಸರಿನದೂ ಇರುವುದಿಲ್ಲ. ಮೊತ್ತ 22 ಲಕ್ಷ ಮುಟ್ಟಿದ ದಿನ ಜೋಳಿಗೆ ಮಡಚುತ್ತೇವೆ. ಆಮೇಲೆ ತಂದವರಿಗೆ ಊರ ಶಾಲೆಯ ದಾರಿ ತೋರಿಸುತ್ತೇವೆ. ಲಕ್ಕಮ್ಮ ತಾಯಿ ಕಲಿಸಿದ ಲೆಕ್ಕ ಅದು.

ಇನ್ನೊಂದು ಮಾತನ್ನು ಹೇಳದೆ ಮುಗಿಸುವಂತಿಲ್ಲ. ಯುಗಾದಿಯೊಳಗೆ ಮಾಡು ಗಟ್ಟಿಯಾಗದಿದ್ದರೆ ಬರುವ ಬೇಸಿಗೆಯಲ್ಲಿ ಶಿಬಿರ ನಡೆಯುವುದಿಲ್ಲ. ಮುರಿದ ಜಂತಿಯ ಕೆಳಗೆ ಇನ್ನೊಮ್ಮೆ ಮಕ್ಕಳನ್ನು ಮಲಗಿಸುವ ಧೈರ್ಯ ನಮಗಿಲ್ಲ. ಅದನ್ನು ಧೈರ್ಯವೆನ್ನಲೂ ಬಾರದು. ಕೋಟಿ ರೂಪಾಯಿಯನ್ನು ನಿರಾಕರಿಸಿ, ಹಿಡಿ ಜೋಳವನ್ನು ನಂಬಿ ಹೊರಟಿದ್ದೇವೆ. ಭಕ್ತರು ಕೈಬಿಟ್ಟರೆ ಅಜ್ಜಾರದು ಹಟವಾಯಿತೆಂದು ಸಮಿತಿಯ ತರುಣರು ಹೇಳಿಯಾರು. ಅವರು ಹಾಗೆ ಹೇಳಿದರೆ ನಾವು ಕೇಳಿಸಿಕೊಳ್ಳಲು ಸಿದ್ಧ. ಆದರೆ ಹಾಗಾಗದೆಂದು ನಮ್ಮ ಅಂತರಂಗ ನುಡಿಯುತ್ತಿದೆ. ಹೋದ ವಾರ ಎಂಬತ್ತು ದಾಟಿದ ಹಿರಿಯರೊಬ್ಬರು ಕೋಲೂರಿಕೊಂಡು ಬಂದು ನಿಲಯದ ಬಾಗಿಲಲ್ಲಿ ನಿಂತರು. ಮೊದಲ ವರ್ಷದ ವಿದ್ಯಾರ್ಥಿಗಳಲ್ಲಿ ಅವರೂ ಒಬ್ಬರು. ಗೋಡೆಯನ್ನು ಕೈಯಿಂದ ಸವರಿ, “ಇದಕ್ಕ ಒರಗಿ ಕುಂತು ಓದೇನ್ರಿ ಅಜ್ಜಾರ” ಎಂದರು. ಬಗಲ ಚೀಲದಿಂದ ಒಂದು ಪುಟ್ಟ ಗಂಟು ತೆಗೆದು ನಮ್ಮ ಮುಂದಿಟ್ಟರು. ಅದರಲ್ಲಿ ಎರಡು ಸೇರು ಬಿಳಿಜೋಳವಿತ್ತು. ಜೋಳಿಗೆಗೆ ಬಿದ್ದ ಮೊದಲ ಧಾನ್ಯ ಅದು.

ಈ ಸೋಮವಾರದಿಂದ ನಾವು ಪಾದಯಾತ್ರೆಯಲ್ಲಿ ಊರೂರಿಗೆ ಬರುತ್ತೇವೆ. ಹಾರ ತುರಾಯಿ ಬೇಡ, ಮೆರವಣಿಗೆ ಬೇಡ. ಮನೆಯ ಮಗುವಿನ ಕೈಯಿಂದಲೇ ಹಿಡಿ ಜೋಳ ಹಾಕಿಸಿರಿ. ಬರುವ ಬೇಸಿಗೆಯಲ್ಲಿ ಆ ಮಗು ಆ ಸೂರಿನ ಕೆಳಗೆ ನಿಶ್ಚಿಂತೆಯಿಂದ ಮಲಗಲಿ. ಸರ್ವರಿಗೂ ಗುರುಕೃಪೆ ಲಭಿಸಲಿ, ಸನ್ಮಂಗಳವಾಗಲಿ.

ಇತ್ಯಾಶೀರ್ವಾದಗಳು.